ಘನದಿಂದ ಬಿಂದುವಿನೆಡೆಗೆ: ಫ್ರೆಡ್ರಿಕ್ ಫ್ರೋಬೆಲ್ ಅವರ ಬದುಕು ಮತ್ತು ರೇಖಾಗಣಿತದ ಮೊದಲ ಪಾಠ

ಆರನೆಯ ತರಗತಿಗೆ ಅಭ್ಯಾಸ ಬೋಧನೆಗೆ ಹೋಗುವ ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ಸಿಗುವ ಪಾಠಗಳಲ್ಲಿ ರೇಖಾಗಣಿತದ ಮೂಲ ಆಕೃತಿಗಳೂ ಒಂದು. ಪಾಠ ಯೋಜನೆ ಬಹುಮಟ್ಟಿಗೆ ಒಂದೇ ಬಗೆಯಲ್ಲಿರುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, ಇದು ಬಿಂದು, ಇದಕ್ಕೆ ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ ಎಂದು ಹೇಳುವುದು. ಆಮೇಲೆ ರೇಖೆ, ರೇಖಾಖಂಡ, ಕಿರಣ. ಹಿಂದಿನ ಬೆಂಚಿನ ಮಗುವಿಗೂ ಕಾಣಲೆಂದು ಚುಕ್ಕೆಯನ್ನು ತುಸು ದಪ್ಪವಾಗಿಯೇ ಇಟ್ಟಿರುತ್ತೇವೆ. ಮಗುವಿನ ಕಣ್ಣಿಗೆ ಅದರ ಉದ್ದವೂ ಅಗಲವೂ ಕಾಣುತ್ತಿವೆ. ಶಿಕ್ಷಕರು ಇಲ್ಲ ಎನ್ನುತ್ತಿದ್ದಾರೆ. ಕಣ್ಣನ್ನು ನಂಬುವುದೋ ಶಿಕ್ಷಕರನ್ನು ನಂಬುವುದೋ ತಿಳಿಯದೆ ಮಗು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪಾರಾಗುತ್ತದೆ. ಮೌಲ್ಯಮಾಪನದ ಪ್ರಶ್ನೆಗೆ ಉತ್ತರ ಸರಿಯಾಗಿ ಬರುವುದರಿಂದ ಪಾಠ ಯಶಸ್ವಿಯಾಯಿತು ಎಂದು ನಾವೂ ತಿಳಿಯುತ್ತೇವೆ.

ಬಿಂದುವಿನಿಂದ ಆರಂಭಿಸುವ ಈ ಕ್ರಮ ಯೂಕ್ಲಿಡ್‌ನಿಂದ ಬಂದದ್ದು. ಅವನ ಮೂಲಗ್ರಂಥದ ಮೊದಲ ಭಾಗದ ಮೊದಲ ವ್ಯಾಖ್ಯೆಯೇ ಬಿಂದುವಿನದು. ಘನಾಕೃತಿಗಳು ಬರುವುದು ಹನ್ನೊಂದನೆಯ ಭಾಗದಲ್ಲಿ. ತರ್ಕದ ಕಟ್ಟಡಕ್ಕೆ ಆ ಕ್ರಮ ಸರಿಯಾದದ್ದೇ. ಆದರೆ ಕಲಿಯುವ ಮಗುವಿಗೂ ಅದೇ ಕ್ರಮ ಸರಿಯೇ ಎಂದು ಕೇಳಿ, ಅದನ್ನು ತಲೆಕೆಳಗು ಮಾಡಿ ನೋಡಿದವರಲ್ಲಿ ಮುಖ್ಯರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಶಿಕ್ಷಣ ತತ್ವಶಾಸ್ತ್ರದ ಪತ್ರಿಕೆಯಲ್ಲಿ ಇವರನ್ನು ನಾವು ಕಿಂಡರ್‌ಗಾರ್ಟನ್ನಿನ ಜನಕ ಎಂದು ಓದಿ, ಐದು ಅಂಕದ ಉತ್ತರ ಬರೆದು ಮರೆಯುತ್ತೇವೆ. ಅವರು ಕಾಡಿನಲ್ಲಿ, ಹೊಲದಲ್ಲಿ, ಹರಳುಗಳ ಸಂಗ್ರಹಾಲಯದಲ್ಲಿ ರೇಖಾಗಣಿತವನ್ನು ಕೈಯಿಂದ ಕಲಿತವರು ಎಂಬುದು ಆ ಉತ್ತರದಲ್ಲಿ ಬರುವುದಿಲ್ಲ. ಅವರ ಬದುಕನ್ನು ಆ ದೃಷ್ಟಿಯಿಂದ ಓದಿದರೆ ನಮ್ಮ ಮೊದಲ ಪಾಠಕ್ಕೆ ಬೇಕಾದದ್ದು ಅಲ್ಲಿ ಸಿಗುತ್ತದೆ.

ತಾಯಿಯಿಲ್ಲದ ಬಾಲ್ಯ

ಫ್ರೆಡ್ರಿಕ್ ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ಜರ್ಮನಿಯ ಥುರಿಂಜಿಯಾದ ಕಾಡಿನ ನಡುವಿನ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ. ತಂದೆ ಲೂಥರನ್ ಚರ್ಚಿನ ಪಾದ್ರಿ. ಮಗು ಒಂಬತ್ತು ತಿಂಗಳದ್ದಿರುವಾಗಲೇ ತಾಯಿ ತೀರಿಕೊಂಡರು. ಹಲವು ಹಳ್ಳಿಗಳ ಜವಾಬ್ದಾರಿ ಹೊತ್ತಿದ್ದ ತಂದೆಗೆ ಮಗನ ಕಡೆ ನೋಡಲು ಬಿಡುವಿರಲಿಲ್ಲ. ಮಲತಾಯಿ ಬಂದರು, ತಮಗೊಂದು ಮಗುವಾದ ಮೇಲೆ ಈ ಹುಡುಗನನ್ನು ದೂರವಿಟ್ಟರು. ಮನೆಯಲ್ಲಿ ಅವನು ದಡ್ಡ, ಹಠಮಾರಿ ಎನಿಸಿಕೊಂಡ. ಊರಿನ ಗಂಡುಮಕ್ಕಳ ಶಾಲೆಗೆ ಕಳುಹಿಸದೆ ತಂದೆ ಅವನನ್ನು ಹೆಣ್ಣುಮಕ್ಕಳ ಶಾಲೆಯಲ್ಲಿ ಕೂರಿಸಿದರು. ಜೊತೆಗಾರರಿಲ್ಲದ ಹುಡುಗನಿಗೆ ಮನೆಯ ತೋಟ, ಗಿಡ, ಕಲ್ಲುಗಳೇ ಒಡನಾಡಿಗಳಾದವು.

ಹತ್ತನೆಯ ವಯಸ್ಸಿನ ಹೊತ್ತಿಗೆ ತಾಯಿಯ ಕಡೆಯ ಸೋದರಮಾವ ಅವನನ್ನು ಶ್ಟಾಟ್‌ಇಲ್ಮ್ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಅವನಿಗೆ ಮೊದಲ ಬಾರಿ ಓರಗೆಯವರು ಸಿಕ್ಕಿದರು, ಆಟ ಸಿಕ್ಕಿತು, ಅಕ್ಕರೆ ಸಿಕ್ಕಿತು. ಮಗುವಿಗೆ ಆಟ ಅನ್ನದಷ್ಟೇ ಅಗತ್ಯ ಎಂದು ಮುಂದೆ ಜೀವನಪೂರ್ತಿ ಹೇಳಿದ ವ್ಯಕ್ತಿ, ಆಟವಿಲ್ಲದ ಬಾಲ್ಯ ಹೇಗಿರುತ್ತದೆಂದು ಸ್ವತಃ ಕಂಡವರು.

ಕಾಡಿನಿಂದ ಅಳತೆಯ ಕೆಲಸಕ್ಕೆ

ಹದಿನೈದನೆಯ ವಯಸ್ಸಿನಲ್ಲಿ, 1797ರಲ್ಲಿ, ಹುಡುಗನನ್ನು ಒಬ್ಬ ಅರಣ್ಯಾಧಿಕಾರಿಯ ಬಳಿ ಎರಡು ವರ್ಷ ಕೆಲಸ ಕಲಿಯಲು ಬಿಟ್ಟರು. ಕಾಡಿನ ಕೆಲಸವೆಂದರೆ ಮರ ಗುರುತಿಸುವುದು ಮಾತ್ರವಲ್ಲ. ಗಡಿ ಅಳೆಯುವುದು, ನಕ್ಷೆ ಬರೆಯುವುದು ಅದರ ಭಾಗ. ಗುರುವಿಗೆ ಕಲಿಸಲು ಸಮಯವಿರಲಿಲ್ಲ, ಆದರೆ ಪುಸ್ತಕಗಳಿದ್ದವು. ಹುಡುಗ ತಾನೇ ಓದಿಕೊಂಡು ಸಸ್ಯಗಳನ್ನೂ ರೇಖಾಗಣಿತವನ್ನೂ ಕಲಿತ.

1799ರಲ್ಲಿ ಯೇನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಅಣ್ಣನಿಗೆ ಹಣ ಕೊಟ್ಟು ಬರಲೆಂದು ಹೋದವರು ಅಲ್ಲಿಯೇ ಉಳಿದು ಗಣಿತ, ವಿಜ್ಞಾನಗಳ ಪಾಠ ಕೇಳತೊಡಗಿದರು. ಕೈಯಲ್ಲಿದ್ದ ಹಣ ಸಾಲದೆ ಸಾಲ ಬೆಳೆಯಿತು. ತೀರಿಸಲಾಗದೆ ಒಂಬತ್ತು ವಾರ ವಿಶ್ವವಿದ್ಯಾಲಯದ ಬಂದಿಖಾನೆಯಲ್ಲಿ ಇರಬೇಕಾಯಿತು. 1801ರಲ್ಲಿ ಪದವಿಯಿಲ್ಲದೆ ಮನೆಗೆ ಮರಳಿದರು. ಮರುವರ್ಷ ತಂದೆ ತೀರಿಕೊಂಡರು.

ಮುಂದಿನ ಮೂರು ವರ್ಷ ಹೊಟ್ಟೆಪಾಡಿನ ಅಲೆದಾಟ. ಅರಣ್ಯ ಕಚೇರಿಯ ಗುಮಾಸ್ತಿಕೆ, ಬಾಂಬೆರ್ಗ್ ಪ್ರದೇಶದಲ್ಲಿ ಭೂಮಾಪನ, ಜಮೀನುದಾರರ ಲೆಕ್ಕಪತ್ರ. ಈ ಅಲೆದಾಟದಲ್ಲಿ ಭೂಮಾಪನದ ಕೆಲಸವನ್ನು ನಾವು ಗಮನಿಸಬೇಕು. ಹೊಲದಲ್ಲಿ ಸರಳರೇಖೆಯನ್ನು ಯಾರೂ ಗೀಚುವುದಿಲ್ಲ. ಒಂದು ಗೂಟ ನೆಟ್ಟು, ದೂರದಲ್ಲಿ ಇನ್ನೊಂದು ನೆಟ್ಟು, ಮೊದಲ ಗೂಟದ ಹಿಂದೆ ನಿಂತು ಕಣ್ಣು ಹಾಯಿಸುತ್ತಾರೆ. ನಡುವೆ ನಿಲ್ಲಿಸುವ ಮೂರನೆಯ ಗೂಟ ಮೊದಲನೆಯದರ ಮರೆಯಲ್ಲಿ ಅಡಗಿದರೆ ಮೂರೂ ಒಂದೇ ರೇಖೆಯಲ್ಲಿವೆ ಎಂದರ್ಥ. ಕಣ್ಣಿನಿಂದ ಹೊರಟ ನೋಟ ಗೂಟಗಳನ್ನು ದಾಟಿ ಮುಂದೆ ಸಾಗುತ್ತಲೇ ಇರುತ್ತದೆ. ಒಂದು ಕಡೆ ಆರಂಭ ಇದೆ, ಇನ್ನೊಂದು ಕಡೆ ಕೊನೆಯಿಲ್ಲ. ಪಠ್ಯಪುಸ್ತಕ ಕಿರಣ ಎಂದು ಕರೆಯುವುದು ಇದನ್ನೇ. ಭೂಮಾಪಕನಿಗೆ ಅದು ವ್ಯಾಖ್ಯೆಯಾಗಿ ಬರುವುದಿಲ್ಲ, ದಿನದ ಕೆಲಸವಾಗಿ ಬರುತ್ತದೆ.

ಆಕಸ್ಮಿಕವಾಗಿ ಶಿಕ್ಷಕ

1805ರಲ್ಲಿ ವಾಸ್ತುಶಿಲ್ಪ ಕಲಿಯುವ ಆಸೆಯಿಂದ ಫ್ರೋಬೆಲ್ ಫ್ರಾಂಕ್‌ಫರ್ಟಿಗೆ ಹೋದರು. ಅಲ್ಲಿ ಮಾದರಿ ಶಾಲೆಯೊಂದನ್ನು ನಡೆಸುತ್ತಿದ್ದ ಆಂಟನ್ ಗ್ರೂನರ್ ಅವರ ಪರಿಚಯವಾಯಿತು. ಗ್ರೂನರ್ ಪೆಸ್ಟಲಾಜಿಯ ಅನುಯಾಯಿ. ಈ ಯುವಕನಲ್ಲಿ ಶಿಕ್ಷಕನಿದ್ದಾನೆ ಎಂದು ಅವರಿಗೆ ಅನ್ನಿಸಿ ತಮ್ಮ ಶಾಲೆಗೆ ಕರೆದರು. ಕಟ್ಟಡ ಕಟ್ಟಲು ಬಂದವರು ತರಗತಿಯಲ್ಲಿ ನಿಂತರು. ನಿಂತ ದಿನವೇ ಇದು ತಮ್ಮ ಜಾಗ ಎಂದು ಅವರಿಗೆ ತಿಳಿಯಿತು.

ಅದೇ ವರ್ಷ ಸ್ವಿಟ್ಜರ್ಲೆಂಡಿನ ಇವರ್ಡನ್‌ಗೆ ಹೋಗಿ ಎರಡು ವಾರ ಪೆಸ್ಟಲಾಜಿಯ ಶಾಲೆಯನ್ನು ನೋಡಿದರು. ಮುಂದೆ 1808ರಿಂದ 1810ರವರೆಗೆ, ತಾವು ಮನೆಪಾಠ ಹೇಳುತ್ತಿದ್ದ ಮೂವರು ಹುಡುಗರನ್ನು ಕರೆದುಕೊಂಡು ಹೋಗಿ ಅಲ್ಲಿಯೇ ಇದ್ದರು. ವಸ್ತುವನ್ನು ನೋಡಿ ಕಲಿಯಬೇಕು, ಮಾತು ಆಮೇಲೆ ಬರಬೇಕು ಎಂಬ ಪೆಸ್ಟಲಾಜಿಯ ತತ್ವ ಅವರಿಗೆ ಪೂರ್ತಿ ಒಪ್ಪಿಗೆಯಾಯಿತು. ಆದರೆ ಅಲ್ಲಿನ ಆಕೃತಿ ಪಾಠದಲ್ಲಿ ಒಂದು ಕೊರತೆಯೂ ಕಂಡಿತು. ಪೆಸ್ಟಲಾಜಿ ಆಕೃತಿಗಳಿಗೂ ಒಂದು ಅಕ್ಷರಮಾಲೆ ಮಾಡಿದ್ದರು: ಮೊದಲು ಗೆರೆ, ಆಮೇಲೆ ಕೋನ, ಆಮೇಲೆ ಚೌಕ ಮತ್ತು ಅದರ ಭಾಗಗಳು. ಮಕ್ಕಳು ಅವನ್ನು ಹೆಸರಿಸುತ್ತ, ಅಳೆಯುತ್ತ ಹೋಗುತ್ತಿದ್ದರು. ಗೆರೆ ಎಲ್ಲಿಂದ ಬಂತು, ಅದು ಯಾವುದರ ಭಾಗ ಎಂಬುದು ಅಲ್ಲಿ ಕಾಣುತ್ತಿರಲಿಲ್ಲ. ಪಾಠದ ವಿಷಯಗಳನ್ನು ಒಳಗಿನಿಂದ ಬೆಸೆಯುವ ಎಳೆ ಸಾಲದು ಎಂದು ಫ್ರೋಬೆಲ್‌ಗೆ ಅನ್ನಿಸಿತು.

ಹರಳುಗಳ ಮುಂದೆ

ಆ ಎಳೆಯನ್ನು ಹುಡುಕುತ್ತ ಅವರು ಮತ್ತೆ ವಿದ್ಯಾರ್ಥಿಯಾದರು. 1811ರಲ್ಲಿ ಗಾಟಿಂಗೆನ್, 1812ರಲ್ಲಿ ಬರ್ಲಿನ್. ಬರ್ಲಿನ್ನಿನಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಕ್ರಿಶ್ಚಿಯನ್ ಸ್ಯಾಮ್ಯುಯೆಲ್ ವೈಸ್. ಹರಳುಗಳ ಆಕಾರವನ್ನು ಅವುಗಳೊಳಗಿನ ಅಕ್ಷಗಳ ಮೂಲಕ, ಅಂದರೆ ಕೇಂದ್ರದಿಂದ ಬೇರೆ ಬೇರೆ ಕಡೆಗೆ ಹೊರಡುವ ದಿಕ್ಕುಗಳ ಮೂಲಕ ವಿವರಿಸಿದ ವಿಜ್ಞಾನಿ ಅವರು.

1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಫ್ರೋಬೆಲ್ ಸ್ವಯಂಸೇವಕರಾಗಿ ಸೇರಿದರು. ಜೀವನಪೂರ್ತಿ ಜೊತೆ ಕೊಟ್ಟ ಇಬ್ಬರು ಗೆಳೆಯರು, ಹೈನ್ರಿಕ್ ಲಾಂಗೆಥಾಲ್ ಮತ್ತು ವಿಲ್ಹೆಲ್ಮ್ ಮಿಡೆಂಡಾರ್ಫ್, ಆ ದಳದಲ್ಲಿ ಸಿಕ್ಕವರು. 1814ರಲ್ಲಿ ಬರ್ಲಿನ್ನಿಗೆ ಮರಳಿ ವೈಸ್ ಅವರ ಕೈಕೆಳಗೆ ಖನಿಜ ಸಂಗ್ರಹಾಲಯದಲ್ಲಿ ಸಹಾಯಕರಾದರು. ಹರಳುಗಳನ್ನು ವಿಂಗಡಿಸುವುದು, ಜೋಡಿಸುವುದು ಕೆಲಸ.

ಈ ಎರಡು ವರ್ಷಗಳು ಅವರ ರೇಖಾಗಣಿತಕ್ಕೆ ರೂಪ ಕೊಟ್ಟವು. ಕೈಯಲ್ಲಿ ಹಿಡಿದ ಹರಳಿನಲ್ಲಿ ಮೊದಲು ಕಾಣುವುದು ಇಡೀ ಘನ. ತಿರುಗಿಸಿದರೆ ಮುಖಗಳು. ಎರಡು ಮುಖ ಕೂಡುವಲ್ಲಿ ಅಂಚು. ಅಂಚುಗಳು ಕೂಡುವಲ್ಲಿ ಶೃಂಗ. ಬಿಂದುವನ್ನು ಯಾರೂ ಅಲ್ಲಿ ತಂದು ಇಟ್ಟಿಲ್ಲ, ರೇಖೆಯನ್ನು ಯಾರೂ ಎಳೆದಿಲ್ಲ. ಘನ ಇರುವುದರಿಂದಲೇ ಅವು ಇವೆ. ನಮ್ಮ ಅಡುಗೆಮನೆಯ ಉಪ್ಪಿನ ಹರಳನ್ನು ಭೂತಗನ್ನಡಿಯಲ್ಲಿ ನೋಡಿದರೂ ಇದು ತಿಳಿಯುತ್ತದೆ. ಉಪ್ಪು ಹರಳುಗಟ್ಟುವುದು ಘನದ ಆಕಾರದಲ್ಲೇ. 1826ರಲ್ಲಿ ಪ್ರಕಟವಾದ ತಮ್ಮ ಮುಖ್ಯ ಗ್ರಂಥ ಮಾನವನ ಶಿಕ್ಷಣದಲ್ಲಿ ಫ್ರೋಬೆಲ್ ಹರಳುಗಳ ಆಕಾರಕ್ಕೆ ಹಲವು ಪುಟಗಳನ್ನು ಮೀಸಲಿಟ್ಟಿದ್ದಾರೆ. ಶಿಕ್ಷಣದ ಪುಸ್ತಕದಲ್ಲಿ ಇದೇಕೆ ಎಂದು ಬೇಸರಿಸುವ ಓದುಗರು ಉಂಟು. ಅವರ ಮಟ್ಟಿಗೆ ಅದು ಕಲಿಕೆಯ ಕ್ರಮದ ಚಿತ್ರವೇ ಆಗಿತ್ತು.

ಕೈಲ್‌ಹೌ ಶಾಲೆ

ಯುದ್ಧಕಾಲದಲ್ಲಿ ಗಾಯಾಳು ಸೈನಿಕರ ಆರೈಕೆ ಮಾಡುತ್ತಿದ್ದ ಅಣ್ಣ ಕ್ರಿಸ್ಟೋಫ್ ಜ್ವರ ತಗುಲಿ ತೀರಿಕೊಂಡಿದ್ದರು. ತಂದೆಯಿಲ್ಲದ ಆ ಮಕ್ಕಳಿಗೆ ಪಾಠ ಹೇಳಲು ಫ್ರೋಬೆಲ್ ಸಂಗ್ರಹಾಲಯದ ಕೆಲಸ ಬಿಟ್ಟರು. 1816ರಲ್ಲಿ ಗ್ರೀಸ್‌ಹೈಮ್ ಎಂಬಲ್ಲಿ ಐದು ಮಂದಿ ಅಣ್ಣಂದಿರ ಮಕ್ಕಳೊಂದಿಗೆ ಶಾಲೆ ಆರಂಭವಾಯಿತು. ಮರುವರ್ಷ ಅದು ಕೈಲ್‌ಹೌ ಎಂಬ ಹಳ್ಳಿಗೆ ಬಂತು. ಲಾಂಗೆಥಾಲ್, ಮಿಡೆಂಡಾರ್ಫ್ ಬಂದು ಸೇರಿದರು. 1818ರಲ್ಲಿ ಬರ್ಲಿನ್ನಿನ ಹೆನ್ರಿಯೆಟ್ ವಿಲ್ಹೆಲ್ಮಿನ್ ಅವರನ್ನು ಮದುವೆಯಾದರು; ಆಕೆಯೂ ಶಾಲೆಯ ಕಷ್ಟಸುಖದಲ್ಲಿ ಪಾಲುಗೊಂಡರು.

ಹುಡುಗರು ಬೆಟ್ಟ ಹತ್ತುತ್ತಿದ್ದರು, ತೋಟ ಮಾಡುತ್ತಿದ್ದರು, ಮರದ ತುಂಡುಗಳಿಂದ ಕಟ್ಟುತ್ತಿದ್ದರು. ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಈ ಶಾಲೆಯ ಮೇಲೆ ರಾಜಕೀಯ ಅನುಮಾನದ ನೆರಳು ಬಿತ್ತು. ಸ್ವತಂತ್ರವಾಗಿ ಯೋಚಿಸುವುದನ್ನು ಕಲಿಸುವ ಶಾಲೆಗಳನ್ನು ಅಂದಿನ ಜರ್ಮನ್ ಸರ್ಕಾರಗಳು ಸಂಶಯದಿಂದ ನೋಡುತ್ತಿದ್ದ ಕಾಲ. ತನಿಖೆಗೆ ಬಂದ ಅಧಿಕಾರಿ ಒಳ್ಳೆಯ ವರದಿಯನ್ನೇ ಕೊಟ್ಟರೂ ಪೋಷಕರು ಹೆದರಿ ಮಕ್ಕಳನ್ನು ಬಿಡಿಸಿಕೊಂಡರು. 1829ರ ಹೊತ್ತಿಗೆ ಬೆರಳೆಣಿಕೆಯಷ್ಟು ಮಕ್ಕಳು ಉಳಿದಿದ್ದರು.

1831ರಲ್ಲಿ ಫ್ರೋಬೆಲ್ ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ 1835ರಲ್ಲಿ ಬುರ್ಗ್‌ಡಾರ್ಫ್‌ನ ಅನಾಥಾಲಯದ ಹೊಣೆ ಬಂತು. ಶಾಲೆಗೆ ಬರುವ ಹೊತ್ತಿಗೆ ಮಗುವಿನ ಅರ್ಧ ಕಲಿಕೆ ಮುಗಿದಿರುತ್ತದೆ, ಆ ಮೊದಲ ವರ್ಷಗಳನ್ನು ಯಾರೂ ನೋಡುತ್ತಿಲ್ಲ ಎಂಬ ಅರಿವು ಅಲ್ಲಿ ಗಟ್ಟಿಯಾಯಿತು. ಹೆಂಡತಿಯ ಆರೋಗ್ಯ ಕೆಟ್ಟದ್ದರಿಂದ 1836ರಲ್ಲಿ ಜರ್ಮನಿಗೆ ಮರಳಿದರು. 1837ರಲ್ಲಿ ಕೈಲ್‌ಹೌ ಪಕ್ಕದ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳ ಆಟ ಮತ್ತು ಚಟುವಟಿಕೆಗಳ ಸಂಸ್ಥೆ ತೆರೆದರು. 1839ರಲ್ಲಿ ಹೆಂಡತಿ ತೀರಿಕೊಂಡರು. 1840ರ ಜೂನ್ 28ರಂದು ಆ ಸಂಸ್ಥೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ, ಎಂಬ ಹೆಸರು ಪಡೆಯಿತು. ಆಗ ಅವರಿಗೆ 58 ವರ್ಷ.

ಉಡುಗೊರೆಗಳ ಕ್ರಮ

ಈ ಮಕ್ಕಳಿಗಾಗಿ ಅವರು ರೂಪಿಸಿದ ಆಟಿಕೆಗಳ ಪೆಟ್ಟಿಗೆಗಳೇ ಉಡುಗೊರೆಗಳು. ಪರೀಕ್ಷೆಗೆ ಇವುಗಳ ಪಟ್ಟಿಯನ್ನು ಕಲಿಯುತ್ತೇವೆ. ಅವು ಒಂದರ ಹಿಂದೊಂದು ಯಾಕೆ ಬರುತ್ತವೆ ಎಂಬುದರಲ್ಲಿ ರೇಖಾಗಣಿತವಿದೆ.

ಮೊದಲ ಪೆಟ್ಟಿಗೆಯಲ್ಲಿ ಉಣ್ಣೆಯಿಂದ ಹೆಣೆದ ಆರು ಬಣ್ಣದ ಚೆಂಡುಗಳು, ಹಿಡಿದು ತೂಗಾಡಿಸಲು ದಾರ. ಚೆಂಡಿಗೆ ಅಂಚಿಲ್ಲ, ಮೂಲೆಯಿಲ್ಲ. ಎರಡನೆಯದರಲ್ಲಿ ಮರದ ಗೋಳ, ಘನ ಮತ್ತು ಸಿಲಿಂಡರ್. ಗೋಳ ಎಲ್ಲ ಕಡೆಗೂ ಉರುಳುತ್ತದೆ, ಘನ ಇಟ್ಟಲ್ಲೇ ಕೂರುತ್ತದೆ, ಸಿಲಿಂಡರ್ ಎರಡೂ ಮಾಡುತ್ತದೆ. ದಾರ ಕಟ್ಟಿ ಘನವನ್ನು ಗಿರ್ರನೆ ತಿರುಗಿಸಿದರೆ ಅದರೊಳಗೆ ಸಿಲಿಂಡರ್ ಕಾಣುತ್ತದೆ. ಮೂರನೆಯದು ಎರಡು ಇಂಚಿನ ಘನ. ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದು. ಐದನೆಯದರಲ್ಲಿ 27 ಪುಟ್ಟ ಘನಗಳು. ಅವುಗಳಲ್ಲಿ ಮೂರನ್ನು ಕರ್ಣದ ಉದ್ದಕ್ಕೆ ಎರಡಾಗಿ, ಮೂರನ್ನು ನಾಲ್ಕಾಗಿ ಸೀಳಿರುವುದರಿಂದ ಒಟ್ಟು 39 ತುಂಡು. ಆಟವಾಡುವ ಮಗುವಿಗೆ ಓರೆಯಾದ ಮುಖ ಮೊದಲ ಬಾರಿ ಸಿಗುವುದು ಇಲ್ಲಿ.

ಮೊದಲ ಆರು ಪೆಟ್ಟಿಗೆಗಳು ಘನವಸ್ತುಗಳವು. ಮುಂದಿನವುಗಳ ಸಂಖ್ಯೆಯನ್ನು ಅನುಯಾಯಿಗಳು ಬೇರೆ ಬೇರೆಯಾಗಿ ಕೊಟ್ಟರೂ ಸಾಗುವ ದಾರಿ ಒಂದೇ. ಘನದ ನಂತರ ತೆಳ್ಳನೆಯ ಫಲಕಗಳು: ಚೌಕ, ಬಗೆಬಗೆಯ ತ್ರಿಭುಜ. ಘನದ ಮುಖವನ್ನು ಕಳಚಿ ಕೈಗೆ ಕೊಟ್ಟಂತೆ. ಫಲಕದ ನಂತರ ಕಡ್ಡಿಗಳು: ಫಲಕದ ಅಂಚನ್ನು ಕಳಚಿದಂತೆ. ವೃತ್ತದ ಅಂಚಿಗೆ ಉಂಗುರ, ಅರ್ಧ ಉಂಗುರ. ಕಟ್ಟಕಡೆಗೆ ಬೀಜ, ಬೆಣಚುಕಲ್ಲು, ಕಪ್ಪೆಚಿಪ್ಪು: ಕಡ್ಡಿಯ ತುದಿಯನ್ನು ಕಳಚಿದಂತೆ, ಬಿಂದುವಿನ ಗುರುತು. ನಮ್ಮ ಪಾಠ ಆರಂಭವಾಗುವಲ್ಲಿ ಅವರ ಪಾಠ ಬಂದು ತಲುಪುತ್ತದೆ.

ಅಲ್ಲಿಗೆ ತಲುಪಿದ ಮಗು ಹಿಂದಕ್ಕೂ ನಡೆಯಬೇಕು. ಅದಕ್ಕೆ ಬಟಾಣಿ ಕೆಲಸ. ನೆನೆಸಿ ಮೆದುವಾದ ಬಟಾಣಿಗೆ ಚೂಪು ಕಡ್ಡಿ ಚುಚ್ಚಿ ಆಕೃತಿ ಕಟ್ಟುವುದು. ಒಂದು ಘನಕ್ಕೆ ಎಂಟು ಬಟಾಣಿ, ಹನ್ನೆರಡು ಕಡ್ಡಿ ಬೇಕು. ಒಂದೊಂದು ಬಟಾಣಿಯಲ್ಲಿ ಮೂರು ಕಡ್ಡಿ ಸೇರುತ್ತವೆ. ಎಂಟು ಮೂರಲೆ ಇಪ್ಪತ್ತನಾಲ್ಕು ಆಗಬೇಕಿತ್ತಲ್ಲ, ಹನ್ನೆರಡೇ ಕಡ್ಡಿ ಯಾಕೆ ಎಂದು ಮಗು ಕೇಳುತ್ತದೆ. ಪ್ರತಿ ಕಡ್ಡಿಗೂ ಎರಡು ತುದಿ ಇರುವುದರಿಂದ ಅದನ್ನು ಎರಡು ಸಲ ಎಣಿಸಿದ್ದೇವೆ. ಬಿಂದು, ರೇಖಾಖಂಡ ಎಂಬ ಹೆಸರು ಹೇಳುವ ಮೊದಲೇ ಅವುಗಳ ಸಂಬಂಧ ಕೈಗೆ ಸಿಕ್ಕಿರುತ್ತದೆ.

ನಿಷೇಧ

ಕಿಂಡರ್‌ಗಾರ್ಟನ್ ಊರಿಂದೂರಿಗೆ ಹರಡತೊಡಗಿತು. ಫ್ರೋಬೆಲ್ ಯುವತಿಯರಿಗೆ ಶಿಕ್ಷಕಿ ತರಬೇತಿ ಕೊಡಲಾರಂಭಿಸಿದರು. ಹೆಣ್ಣುಮಕ್ಕಳನ್ನು ಶಿಕ್ಷಕ ವೃತ್ತಿಗೆ ತಯಾರು ಮಾಡುವುದು ಆಗ ಹೊಸದು, ಹಲವರಿಗೆ ಹಾಸ್ಯದ ವಸ್ತು. 1849ರಲ್ಲಿ ಬರ್ಥಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಸಿರಿವಂತ ಮಹಿಳೆ ಅವರ ಕೆಲಸವನ್ನು ಕಂಡು ಬೆಂಬಲಕ್ಕೆ ನಿಂತರು. 1851ರಲ್ಲಿ ಶಿಷ್ಯೆ ಲೂಯಿಸೆ ಲೆವಿನ್ ಅವರನ್ನು ಫ್ರೋಬೆಲ್ ಮದುವೆಯಾದರು.

ಅದೇ ವರ್ಷ ಆಗಸ್ಟ್ 7ರಂದು ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಹೆಣ್ಣುಮಕ್ಕಳ ಶಿಕ್ಷಣ ಮತ್ತು ಕಿಂಡರ್‌ಗಾರ್ಟನ್ ಕುರಿತು ಒಂದು ಕಿರುಹೊತ್ತಗೆ ಬರೆದಿದ್ದರು. ಅವರು ಸಮಾಜವಾದಿ. ಇಬ್ಬರು ಫ್ರೋಬೆಲ್‌ರನ್ನು ಒಬ್ಬರೇ ಎಂಬಂತೆ ನೋಡಿದ ಅಧಿಕಾರಿಗಳು, ಮಕ್ಕಳಿಗೆ ನಾಸ್ತಿಕತೆ ಮತ್ತು ಸಮಾಜವಾದ ಕಲಿಸುವ ಸಂಚು ಇದು ಎಂದು ಆಪಾದಿಸಿದರು. ಉಣ್ಣೆಚೆಂಡು, ಮರದ ತುಂಡು, ಬಟಾಣಿಗಳ ಶಾಲೆ ರಾಜ್ಯಕ್ಕೆ ಅಪಾಯವಾಯಿತು. ಫ್ರೋಬೆಲ್ ವಿವರಣೆ ಕೊಟ್ಟರು, ದೊರೆಗೆ ಮನವಿ ಸಲ್ಲಿಸಿದರು. ಫಲವಾಗಲಿಲ್ಲ. 1852ರ ಜೂನ್ 21ರಂದು ಮಾರಿಯೆಂಟಾಲ್‌ನಲ್ಲಿ ಅವರು ತೀರಿಕೊಂಡಾಗ ನಿಷೇಧ ಜಾರಿಯಲ್ಲಿಯೇ ಇತ್ತು. ಅದು ತೆರವಾದದ್ದು 1860ರಲ್ಲಿ.

ಪಕ್ಕದ ಶ್ವೈನಾ ಊರಿನಲ್ಲಿ ಅವರ ಸಮಾಧಿಯಿದೆ. ಮಿಡೆಂಡಾರ್ಫ್ ಯೋಚಿಸಿದಂತೆ ಅದರ ಮೇಲೆ ಕಲ್ಲಿನ ಘನ, ಅದರ ಮೇಲೆ ಸಿಲಿಂಡರ್, ಅದರ ಮೇಲೆ ಗೋಳ ನಿಂತಿವೆ. ಎರಡನೆಯ ಉಡುಗೊರೆ ಅದು.

ಹರಡಿದ್ದು, ಕೆಟ್ಟದ್ದು

ಮಾರೆನ್‌ಹೋಲ್ಟ್ಸ್-ಬ್ಯೂಲೋ ಮತ್ತು ಇತರ ಶಿಷ್ಯೆಯರು ಈ ಪದ್ಧತಿಯನ್ನು ಇಂಗ್ಲೆಂಡ್, ಫ್ರಾನ್ಸ್, ಅಮೆರಿಕಗಳಿಗೆ ಒಯ್ದರು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ಈ ಮರದ ತುಂಡುಗಳೊಂದಿಗೆ ಆಡಿ ಬೆಳೆದವರು. ತಾವು ಕಟ್ಟಿದ ಕಟ್ಟಡಗಳಿಗೆ ಅದರ ಋಣವಿದೆ ಎಂದು ಒಪ್ಪಿಕೊಂಡವರು. ನಮ್ಮ ದಕ್ಷಿಣ ಭಾರತಕ್ಕೂ ಒಂದು ಎಳೆ ಬಂದಿದೆ. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರರಾವ್ ಅವರು ಕಾಗದ ಮಡಿಸಿ ರೇಖಾಗಣಿತ ಕಲಿಯುವ ಪುಸ್ತಕ ಪ್ರಕಟಿಸಿದರು. ಕಿಂಡರ್‌ಗಾರ್ಟನ್ನಿನ ಕಾಗದ ಮಡಿಸುವ ಕೆಲಸದಿಂದ ಆ ಯೋಚನೆ ಬಂತೆಂದು ಅವರೇ ತಿಳಿಸಿದ್ದಾರೆ. ಮಡಿಕೆ ಒಂದು ರೇಖೆ, ಎರಡು ಮಡಿಕೆ ಹಾಯುವಲ್ಲಿ ಒಂದು ಬಿಂದು. ಅಳತೆಪಟ್ಟಿ, ಕೈವಾರ ಬೇಕಿಲ್ಲ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಆ ಪುಸ್ತಕವನ್ನು ತಮ್ಮ ಬರಹದಲ್ಲಿ ಹೆಸರಿಸಿದರು. 1901ರಲ್ಲಿ ಅದು ಷಿಕಾಗೋದಲ್ಲಿಯೂ ಅಚ್ಚಾಯಿತು.

ಆದರೆ ಹರಡುವಾಗ ಕೆಟ್ಟದ್ದೂ ಉಂಟು. ಹಲವು ಕಡೆ ಉಡುಗೊರೆಯ ಪೆಟ್ಟಿಗೆ ಕವಾಯತು ಆಯಿತು. ಶಿಕ್ಷಕಿ ಹೇಳಿದಾಗ ಎಲ್ಲ ಮಕ್ಕಳೂ ಒಟ್ಟಿಗೆ ಪೆಟ್ಟಿಗೆ ತೆರೆಯಬೇಕು, ಹೇಳಿದಂತೆಯೇ ಜೋಡಿಸಬೇಕು, ಹೇಳಿದಾಗ ಮುಚ್ಚಬೇಕು. ಫ್ರೋಬೆಲ್ ಅವರ ಬರಹದಲ್ಲೇ ಇದ್ದ ಸಂಕೇತಗಳ ಭಾರ ಇದಕ್ಕೆ ನೆರವಾಯಿತು. ಚೆಂಡನ್ನು ಹಿಡಿದ ಮಗು ವಿಶ್ವದ ಏಕತೆಯನ್ನು ಒಳಗೊಳಗೇ ಗ್ರಹಿಸುತ್ತದೆ ಎಂದು ಅವರು ನಂಬಿದ್ದರು. ಜಾನ್ ಡ್ಯೂಯಿ ಮುಂತಾದವರು ಈ ಸಂಕೇತವಾದವನ್ನೂ ಕವಾಯತನ್ನೂ ಟೀಕಿಸಿದ್ದು ಸರಿಯೇ. ಟೀಕೆಯನ್ನು ಒಪ್ಪಿದ ಮೇಲೂ ಆ ಕ್ರಮ ಉಳಿಯುತ್ತದೆ: ಇಡಿಯಿಂದ ಬಿಡಿಗೆ, ಕೈಗೆ ಸಿಗುವುದರಿಂದ ಮನಸ್ಸಿಗೆ ಮಾತ್ರ ಸಿಗುವುದಕ್ಕೆ.

ನಮ್ಮ ತರಗತಿಗೆ

ಮರದ ಪೆಟ್ಟಿಗೆಗಳು ನಮ್ಮ ಶಾಲೆಯಲ್ಲಿ ಇಲ್ಲದಿರಬಹುದು. ಒಂದು ದೊಡ್ಡ ಆಲೂಗಡ್ಡೆ ಸಾಕು. ಚಾಕು ಶಿಕ್ಷಕರ ಕೈಯಲ್ಲಿರಲಿ. ಒಂದು ಸಲ ನೇರವಾಗಿ ಕೊಯ್ದರೆ ಸಮತಟ್ಟಾದ ಮುಖ ಬರುತ್ತದೆ, ಅದು ತಲ. ಅದಕ್ಕೆ ಅಡ್ಡವಾಗಿ ಎರಡನೆಯ ಸಲ ಕೊಯ್ದರೆ ಎರಡು ತಲ ಕೂಡುವಲ್ಲಿ ಅಂಚು ಬರುತ್ತದೆ, ಮಕ್ಕಳು ಬೆರಳಾಡಿಸಲಿ. ಮೂರನೆಯ ಕೊಯ್ತಕ್ಕೆ ಮೂರು ಅಂಚು ಕೂಡುವ ಮೂಲೆ ಬರುತ್ತದೆ. ಈಗ ಕೇಳಿ: ಈ ಮೂಲೆಯ ತುದಿಯನ್ನು ಮಾತ್ರ ತೆಗೆದು ಕೈಗೆ ಕೊಡಬಹುದೇ? ಕೊಡಬಹುದು ಎನ್ನುವ ಮಗುವಿನ ಮುಂದೆ ಮೂಲೆಯನ್ನು ಕೊಯ್ದು ತೋರಿಸಿ. ಅಲ್ಲಿ ಪುಟ್ಟ ತ್ರಿಭುಜ ಬಂದಿರುತ್ತದೆ, ಒಂದು ಮೂಲೆ ಇದ್ದಲ್ಲಿ ಮೂರು ಮೂಲೆ. ಕೈಗೆ ಬಂದದ್ದು ಆಲೂಗಡ್ಡೆಯ ಚೂರು, ಬಿಂದು ಅಲ್ಲ. ಬಿಂದುವಿಗೆ ಉದ್ದ, ಅಗಲ, ದಪ್ಪ ಇಲ್ಲ ಎಂಬ ವಾಕ್ಯವನ್ನು ಹೇಳಲು ಇದು ತಕ್ಕ ಸಮಯ. ಆಮೇಲೆ ತರಗತಿಯ ಕೋಣೆಯನ್ನೇ ನೋಡಲಿ: ಎರಡು ಗೋಡೆ, ಒಂದು ನೆಲ ಕೂಡುವ ಜಾಗ ಯಾವುದು, ಇಡೀ ಕೋಣೆಯಲ್ಲಿ ಅಂಥವು ಎಷ್ಟು? ಕಪ್ಪುಹಲಗೆಯ ಚುಕ್ಕೆ ಆಗ ಬಿಂದುವಿನ ಗುರುತಾಗಿ ಬರುತ್ತದೆ, ಊರಿನ ಜಾಗವನ್ನು ನಕ್ಷೆಯಲ್ಲಿ ಚುಕ್ಕೆ ತೋರಿಸುವ ಹಾಗೆ.

ಮುಂದೆ ನೆನೆಸಿದ ಕಡಲೆಕಾಳು, ತೆಂಗಿನ ಗರಿಯ ಕಡ್ಡಿ ಕೊಟ್ಟು ತ್ರಿಭುಜ, ಚೌಕ, ಘನ ಕಟ್ಟಿಸಿ. ತ್ರಿಭುಜ ಗಟ್ಟಿಯಾಗಿ ನಿಲ್ಲುತ್ತದೆ, ಚೌಕ ಓಲಾಡುತ್ತದೆ. ಯಾಕೆಂದು ಅವರೇ ಮಾತಾಡಲಿ.

ಇಲ್ಲಿ ಒಂದು ಎಚ್ಚರ ಬೇಕು. ಕಡ್ಡಿ ರೇಖಾಖಂಡಕ್ಕೆ ಮಾತ್ರ ಮಾದರಿ. ಫ್ರೋಬೆಲ್ ಅವರ ಯಾವ ಪೆಟ್ಟಿಗೆಯಲ್ಲಿಯೂ ಸರಳರೇಖೆ ಇಲ್ಲ, ಕಿರಣವೂ ಇಲ್ಲ. ಕೊನೆಯಿಲ್ಲದ್ದನ್ನು ಪೆಟ್ಟಿಗೆಯಲ್ಲಿ ಇಡಲಾಗದು. ಅದಕ್ಕೆ ಅವರ ಭೂಮಾಪನದ ಹೊಲಕ್ಕೆ ಹೋಗಬೇಕು. ಆಟದ ಮೈದಾನದಲ್ಲಿ ಒಂದು ಮಗುವನ್ನು ನಿಲ್ಲಿಸಿ, ಅದರ ಮುಂದೆ ಇಬ್ಬರು ಒಬ್ಬರ ಹಿಂದೊಬ್ಬರು ಮರೆಯಾಗುವಂತೆ ನಿಲ್ಲಲಿ. ನೋಟ ಮುಂದೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿ. ಕಾಂಪೌಂಡಿನವರೆಗೆ ಎನ್ನುತ್ತಾರೆ. ಕಾಂಪೌಂಡು ಇಲ್ಲದಿದ್ದರೆ? ಆ ಪ್ರಶ್ನೆಯಿಂದ ಕಿರಣ ಹುಟ್ಟುತ್ತದೆ. ಹಿಂದಕ್ಕೂ ಹಾಗೆಯೇ ಸಾಗಿದರೆ ಸರಳರೇಖೆ.

ಈ ಅನುಭವವಿಲ್ಲದ ಮಕ್ಕಳು ಮಾಡುವ ತಪ್ಪುಗಳನ್ನು ವೀಕ್ಷಣೆಯಲ್ಲಿ ನಾವು ಕಾಣುತ್ತೇವೆ. ಬಾಣದ ಗುರುತನ್ನೇ ಕಿರಣದ ಕೊನೆ ಎಂದುಕೊಳ್ಳುತ್ತಾರೆ. ಕಿರಣ ಕಖ ಮತ್ತು ಕಿರಣ ಖಕ ಒಂದೇ ಎನ್ನುತ್ತಾರೆ. ಎಲ್ಲಿಂದ ಹೊರಟಿತು ಎಂಬುದು ಅವರಿಗೆ ಮುಖ್ಯವಾಗಿಲ್ಲ. ಮುಂದಿನ ಪಾಠದಲ್ಲಿ, ಬಾಹುಗಳನ್ನು ಉದ್ದ ಎಳೆದ ಕೋನವೇ ದೊಡ್ಡದು ಎನ್ನುತ್ತಾರೆ. ಕೋನದ ಬಾಹುಗಳು ಕಿರಣಗಳು, ಅವುಗಳಿಗೆ ಉದ್ದವೇ ಇಲ್ಲ ಎಂದು ತಿಳಿದಿದ್ದರೆ ಆ ತಪ್ಪು ಬರುವುದಿಲ್ಲ. ಒಂದು ದಿನದ ಬಾಯಿಪಾಠದ ಬೆಲೆಯನ್ನು ಮಗು ಹತ್ತನೆಯ ತರಗತಿಯವರೆಗೆ ತೆರುತ್ತದೆ.

ಆಲೂಗಡ್ಡೆಗೂ ಮೈದಾನಕ್ಕೂ ನಲವತ್ತು ನಿಮಿಷದ ಅವಧಿ ಸಾಲದು, ಎರಡು ಅವಧಿ ಬೇಕಾಗುತ್ತದೆ. ಪಾಠ ಯೋಜನೆಯಲ್ಲಿಯೇ ಹಾಗೆ ಬರೆದುಕೊಂಡು, ಶಾಲೆಯ ಗಣಿತ ಶಿಕ್ಷಕರೊಂದಿಗೂ ವೀಕ್ಷಕರೊಂದಿಗೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆಯುವ ಕೆಲಸ ಎರಡನೆಯ ಅವಧಿಯ ಕೊನೆಗಿರಲಿ. ಅದನ್ನು ಮೊದಲು ಮಕ್ಕಳ ಮಾತಿನಲ್ಲೇ ಬರೆಯಿಸಿ, ಆಮೇಲೆ ಪುಸ್ತಕದ ಮಾತಿನೊಂದಿಗೆ ಹೋಲಿಸಿ ನೋಡಲು ಹೇಳಿ.